ಇಸ್ತ್ರಿ ಪೆಟ್ಟಿಗೆಯಲ್ಲಿ ಸುಟ್ಟ ಮೆಣಸಿನಕಾಯಿ

ಮುದ್ದೆ ಗಂಟಾಗಬಹುದಿತ್ತು. ಗಂಟಾಗದಿದ್ದರೆ ನೀರು ಹೆಚ್ಚಾಗಿ, ತಟ್ಟೆಯಲ್ಲಿ ಕೂರದೆ, ನಾಲ್ಕೂ ಕಡೆ ಹರಡಿಕೊಂಡು ಅಕ್ಕನ ಎದುರಿಗೆ ಮಲಗಿಬಿಡಬಹುದಿತ್ತು. ಹುರುಳಿ ಬೇಯದೆ ಇರಬಹುದಿತ್ತು. ನೆನೆಹಾಕಿ, ಕುಕ್ಕರಿನಲ್ಲಿ ಕೂಗಿಸಿ, ಕೈಮುಗಿದು ಕೇಳಿಕೊಂಡರೂ ಕಲ್ಲಿನ ಹಾಗೆ ಕೂತುಬಿಡುವ ಹುರುಳಿಯನ್ನು ನಾನು ನೋಡಿದ್ದೇನೆ. ಸಿಲಿಂಡರ್ ಸರಿಯಾಗಿ ಅದೇ ಹೊತ್ತಿಗೆ ಖಾಲಿಯಾಗಬಹುದಿತ್ತು. ಇಸ್ತ್ರಿ ಪೆಟ್ಟಿಗೆಯಿಂದ ಕೆಂಡವೊಂದು ಹಾರಿ, ವಕೀಲರ ಮನೆಯವರು ಹೊಲಿಯಲು ಕೊಟ್ಟಿದ್ದ ರೇಷ್ಮೆ ರವಿಕೆಯ ಮೇಲೆ ಬೀಳಬಹುದಿತ್ತು. ಅಡುಗೆಗೂ ಇಸ್ತ್ರಿ ಪೆಟ್ಟಿಗೆಗೂ ಏನು ಸಂಬಂಧ ಅಂತ ಈಗಲೇ ಕೇಳಬೇಡಿ, ಹೇಳುತ್ತೇನೆ. ಜವನಗೊಂಡನಹಳ್ಳಿ ಕಡೆಯ ಬಸ್ಸು ಕೆಟ್ಟು ನಿಂತು ಅಕ್ಕ ಬರದೆಯೇ ಹೋಗಬಹುದಿತ್ತು. ಅದಕ್ಕಿಂತ ಭಯಂಕರವೆಂದರೆ, ಬಸ್ಸು ಕೆಡದೆ ಅಕ್ಕ ಒಂದು ತಾಸು ಮೊದಲೇ ಬಂದಿಳಿಯಬಹುದಿತ್ತು. ಬಂದವಳು, ನಾಲ್ಕು ವರ್ಷದಿಂದ ಮಾಡುತ್ತಿರುವ ಹಾಗೆಯೇ, ಎಡೆಗಿಟ್ಟ ಬಾಳೆಹಣ್ಣೊಂದನ್ನು ಸುಲಿದು ತಿಂದು, ಸೆರಗಿಗೆ ಕೈ ಒರೆಸಿಕೊಂಡು, 'ಬರ್ತೀನಪ್ಪ' ಅಂತ ಎದ್ದುಬಿಡಬಹುದಿತ್ತು.

ಇದಿಷ್ಟನ್ನೂ, ಇನ್ನೂ ಕೆಲವನ್ನೂ ಹಿರಿಯರ ಹಬ್ಬದ ಹಿಂದಿನ ದಿನವೇ ಕೂತು ಬರೆದಿದ್ದೆ, ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ. ಒಟ್ಟು ಹನ್ನೊಂದು. ಚಿಂತೆ ಮಾಡುವುದು ನನಗೆ ಅಭ್ಯಾಸವಲ್ಲ, ಕಸುಬು. ಟೇಲರಿಂಗ್ ಅನ್ನುವುದು ಅದರ ಪಕ್ಕದಲ್ಲಿ ಮಾಡಿಕೊಂಡಿರುವ ಸಣ್ಣ ಕೆಲಸ.

ಎಲ್ಲಕ್ಕೂ ಮೂಲ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ. ನಮ್ಮ ಹಿರಿಯೂರು ಕಡೆಯ ಗಾಳಿ ಗೊತ್ತಲ್ಲ. ಗುಡ್ಡಗಳ ನೆತ್ತಿಯ ಮೇಲೆಲ್ಲ ಫ್ಯಾನು ನೆಟ್ಟು ಕರೆಂಟು ಮಾಡುವಷ್ಟು ಗಾಳಿ. ಶ್ರಾವಣದ ಒಂದು ಬೆಳಿಗ್ಗೆ ಅದು ಹಗ್ಗವನ್ನೂ, ಹಗ್ಗದ ಮೇಲಿದ್ದ ನನ್ನ ಹೆಂಡತಿಯ ಖಾಕಿ ಅಂಗಿಯನ್ನೂ, ಹಗ್ಗಕ್ಕೆ ಆಸರೆಯಾಗಿದ್ದ ಕೋಲನ್ನೂ ಒಟ್ಟಿಗೆ ಉರುಳಿಸಿತು. ಖಾಕಿ ಅಂಗಿಯ ವಿಷಯ ಹೇಳಿಬಿಡುತ್ತೇನೆ: ಗಿರಿಜಾ ಹಿರಿಯೂರು ಹೊಸದುರ್ಗದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ಅಂಗಿಯ ಮಣ್ಣು ಕೊಡವಿ, ಕೋಲನ್ನು ಎತ್ತಿ ಮತ್ತೆ ಸಿಮೆಂಟ್ ಇಟ್ಟಿಗೆಯ ಮೇಲೆ ನಿಲ್ಲಿಸಲು ಹೋದವನು ಹಾಗೆಯೇ ನಿಂತೆ. ತುದಿಯಲ್ಲಿ ಎರಡಾಗಿ ಕವಲೊಡೆದ, ಕವಲಿನ ಒಳಮೈ ಕರ್ರಗೆ ಹೊಗೆ ಹಿಡಿದ ಜಾಲಿ ಕೋಲು. ಇಷ್ಟು ವರ್ಷ ನನ್ನ ಬನಿಯನ್ನುಗಳನ್ನು ಹೊತ್ತು ನಿಂತಿದ್ದದ್ದು ಅಪ್ಪನ ಕವೆಗೋಲು.

ಕುಕ್ಕರಿನಲ್ಲಿ ಮುದ್ದೆ ಮಾಡುವವರಿಗಾಗಿ ಹೇಳುತ್ತೇನೆ. ಮುದ್ದೆ ತೊಳಸಲು ಎರಡು ಕೋಲು ಬೇಕು. ಒಂದು ಹಿಟ್ಟು ತೊಳಸಲು. ಇನ್ನೊಂದು ಪಾತ್ರೆ ಓಡಿಹೋಗದ ಹಾಗೆ ಕಂಠಕ್ಕೆ ಕವಲು ಕೊಟ್ಟು ಹಿಡಿಯಲು. ಈ ಎರಡನೆಯದೇ ಕವೆಗೋಲು. ಪಾತ್ರೆಯನ್ನು ನೆಲಕ್ಕಿಳಿಸಿ, ಕೋಲಿನ ಇನ್ನೊಂದು ತುದಿಯನ್ನು ಪಾದದಿಂದ ಒತ್ತಿ ಹಿಡಿದು ತೊಳಸಿದರೆ ಗಂಟು ಉಳಿಯುವುದಿಲ್ಲ. ನಾನು ಅದನ್ನು ಒಳಗೆ ತಂದೆ. ಹಗ್ಗಕ್ಕೆ ಪಿವಿಸಿ ಪೈಪು ಕೊಟ್ಟೆ.

ನಾನು ಅಡುಗೆ ಮಾಡುತ್ತೇನೆ. ಇದನ್ನು ಸಮಾಧಾನವಾಗಿ ಹೇಳುವುದಕ್ಕೆ ಬರುತ್ತಿಲ್ಲ, ಕ್ಷಮಿಸಿ. ಐದು ವರ್ಷದಿಂದ ಎಲ್ಲರಿಗೂ ಹೇಳಿ ಹೇಳಿ ಧ್ವನಿ ತಾನೇ ಏರುತ್ತದೆ. ಅವ್ವ ಇರುವ ತನಕ ಅವ್ವ ಮಾಡಿದಳು. ಅವ್ವ ಹೋದ ಮೇಲೆ ಒಲೆ ಯಾರಿಗೆ ಬರಬೇಕು? ಗಿರಿಜಾ ಬೆಳಗಿನ ಐದಕ್ಕೆ ಡಿಪೋದಲ್ಲಿರಬೇಕು. ಮಗಳು ಕಾವ್ಯ ಚಿತ್ರದುರ್ಗದ ಕಾಲೇಜಿಗೆ ಹೋಗಿಬರುತ್ತಾಳೆ. ಇಡೀ ದಿನ ಮನೆಯಲ್ಲಿರುವವನು ನಾನು. ಮುಂದಿನ ಕೋಣೆ ಅಂಗಡಿ, ಅದರ ಹಿಂದೆ ನೇರಕ್ಕೆ ಅಡುಗೆಮನೆ. ಬೀದಿಯಲ್ಲಿ ನಿಂತರೆ ಹೊಲಿಗೆ ಮೆಷಿನ್ನಿನ ಮೇಲಿಂದ ಹಾದು ಒಲೆಯ ತನಕ ಕಾಣುತ್ತದೆ. ನಡುವೆ ಒಂದು ಬಾಗಿಲಿದೆ. ಅದನ್ನು ಮುಚ್ಚಿದರೆ ಹೊಗೆ, ತೆರೆದರೆ ಮಾತು. ನಾನು ತೆರೆದಿಟ್ಟುಕೊಂಡೆ.

'ಏನಪ್ಪ ಟೇಲರ್, ಕಾಜಾ ಹಾಕ್ತೀಯೋ ಕಾಯಿ ತುರೀತೀಯೋ?' ಅಂತ ಮೊದಮೊದಲು ಕೇಳಿದವರಿಗೆ, 'ಎರಡೂ ಐತೆ, ನಿಮಗೆ ಯಾವುದು ಬೇಕ್ರಿ?' ಅನ್ನುತ್ತಿದ್ದೆ. ಹಾಗೆ ಅಂದು ಒಳಗೆ ಬಂದು, ಅವರು ಪ್ಯಾಂಟು ಬೇರೆಯವನಿಗೆ ಕೊಟ್ಟುಬಿಟ್ಟರೆ ಏನು ಗತಿ ಅಂತ ಅರ್ಧ ಗಂಟೆ ಚಿಂತಿಸುತ್ತಿದ್ದೆ. ಧೈರ್ಯ ನನಗೆ ಬಾಯಲ್ಲಿ ಮೊದಲು ಬರುತ್ತದೆ, ಹೊಟ್ಟೆಗೆ ನಿಧಾನಕ್ಕೆ ಇಳಿಯುತ್ತದೆ.

ಟೇಲರ್ ಅಡುಗೆಗೆ ಇಳಿದರೆ ಏನಾಗುತ್ತದೆ ಅಂದರೆ, ತುಂಡು ಎಸೆಯಲು ಕೈ ಬರುವುದಿಲ್ಲ. ಅಂಗಿಯಲ್ಲಿ ಉಳಿದದ್ದು ಜೇಬಾಗುತ್ತದೆ, ಜೇಬಿನಲ್ಲಿ ಉಳಿದದ್ದು ಕಾಲರಿನ ಒಳಪಟ್ಟಿಯಾಗುತ್ತದೆ. ಹೀರೇಕಾಯಿ ಸಿಪ್ಪೆ, ಮೂಲಂಗಿ ಸೊಪ್ಪು, ಕೊತ್ತಂಬರಿ ದಂಟು, ನಿನ್ನೆಯ ಮುದ್ದೆ, ಮೊನ್ನೆಯ ಚಪಾತಿ, ಎಲ್ಲದಕ್ಕೂ ಒಂದು ಅಳತೆ ಹುಡುಕುತ್ತ ಕೂರುತ್ತಿದ್ದೆ. ಕಲ್ಲಂಗಡಿ ತಿಂದ ಮೇಲೆ ಉಳಿಯುವ ಬಿಳಿಯ ಭಾಗವಿದೆಯಲ್ಲ, ಅದನ್ನು ಪಲ್ಯ ಮಾಡಿದೆ. ಕಾವ್ಯ ಎರಡು ತುತ್ತು ತಿಂದು, 'ಅಪ್ಪ, ಇದು ಸೋರೆಕಾಯಿಗೆ ನೆಂಟ ಇದ್ದಂಗೈತೆ, ಆದ್ರೆ ಇಬ್ರಿಗೂ ಮಾತಿಲ್ಲ' ಅಂದಳು. ಮುಂದಿನ ಸಲ ಹುಚ್ಚೆಳ್ಳು ಪುಡಿ ಹಾಕಿದೆ, ಮಾತು ಶುರುವಾಯಿತು. ನಿನ್ನೆಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ದೋಸೆ ಹುಯ್ದದ್ದು ಮಾತ್ರ ನೆನಪಿಸಬೇಡಿ. ಆ ದೋಸೆ ಈಗಲೂ ಆ ಕಾವಲಿಯ ಮೇಲೆಯೇ ಇದೆ, ಕಾವಲಿ ಹಿತ್ತಲಿನಲ್ಲಿದೆ.

ಫೋನಿನಲ್ಲಿ ಅಡುಗೆ ಹೇಳಿಕೊಡುವವರನ್ನೂ ನೋಡಿದೆ. 'ನಿಮ್ಮ ಮನೆಯಲ್ಲೇ ಇರುವ ಸಾಮಗ್ರಿಗಳಿಂದ' ಅಂತ ನಗುನಗುತ್ತ ಶುರುಮಾಡಿ, ಎರಡನೇ ನಿಮಿಷಕ್ಕೆ ಅರ್ಧ ಬಟ್ಟಲು ಗೋಡಂಬಿ, ನಾಲ್ಕು ಚಮಚ ಬೆಣ್ಣೆ ಸುರಿಯುತ್ತಾರೆ. ಯಾರ ಮನೆಯಲ್ಲಿದೆ ತಾಯಿ ಅದು? ನಮ್ಮ ಮನೆಯಲ್ಲಿರುವುದು ಹುರುಳಿ, ಶೇಂಗಾ, ರಾಗಿ. ಹೊಸದುರ್ಗದ ಕಡೆಯಿಂದ ಗಿರಿಜಾ ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ತರುವ ಸಾವೆ, ನಾಲ್ಕು ತೆಂಗಿನಕಾಯಿ. ಅವರು ಅಕ್ಕಿಯಲ್ಲಿ ಮಾಡಿದ್ದನ್ನು ನಾನು ಸಾವೆಯಲ್ಲಿ ಮಾಡಿದೆ. ಗೋಡಂಬಿ ಅಂದ ಕಡೆ ಶೇಂಗಾ, ಬೆಣ್ಣೆ ಅಂದ ಕಡೆ ಮೌನ. ಸೊಂಟ ಬಿಗಿಯಾದರೆ ಬಿಚ್ಚಿ ಸಡಿಲ ಮಾಡುವ ಹಾಗೆ, ತೋಳು ಉದ್ದವಾದರೆ ಮಡಿಸಿ ಹೊಲಿಯುವ ಹಾಗೆ. ಅಳತೆ ಪುಸ್ತಕದಲ್ಲಿ 'ಎದೆ ಮೂವತ್ತೆಂಟು' ಅನ್ನುವುದರ ಕೆಳಗೇ 'ಸಾವೆ ಒಂದಕ್ಕೆ ನೀರು ಮೂರು ಸಾಕು' ಅಂತ ಬರೆದದ್ದಿದೆ. ಆ ಗಿರಾಕಿಯ ಅಂಗಿ ಸಡಿಲವಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ತೀರ್ಪು ಹೇಳುವವಳು ಗಿರಿಜಾ. ಸಂಜೆ ಡ್ಯೂಟಿ ಮುಗಿಸಿ ಬಂದು, ಕೊರಳಿನ ಸೀಟಿಯನ್ನೂ ಬಿಚ್ಚದೆ, ಒಂದು ತುತ್ತು ಬಾಯಿಗಿಡುತ್ತಾಳೆ. ಬಸ್ಸಿನ ಕಾನೂನೇ ಮನೆಗೂ. ಒಂದು ಸೀಟಿ ಊದಿದರೆ ನಿಲ್ಲಿಸು, ಆ ಅಡುಗೆ ಮತ್ತೆ ಈ ಮನೆಯಲ್ಲಿ ಆಗಕೂಡದು. ಎರಡು ಸೀಟಿ ಊದಿದರೆ ರೈಟ್, ಮುಂದಕ್ಕೆ ಹೋಗಲಿ. ಮುದ್ದೆ ದೋಸೆಯ ದಿನ ಅವಳು ಒಂದು ಸೀಟಿಯನ್ನು ಎಷ್ಟು ಉದ್ದಕ್ಕೆ ಊದಿದಳೆಂದರೆ, ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ಬ್ರೇಕ್ ಹಾಕಿದ.

ಇಷ್ಟರ ನಡುವೆ ಒಬ್ಬರು ಮಾತ್ರ ತುತ್ತೇ ಎತ್ತಲಿಲ್ಲ. ನನ್ನ ಅಕ್ಕ ಸಿದ್ದಕ್ಕ.

ಅವಳನ್ನು ಕೊಟ್ಟಿರುವುದು ಜವನಗೊಂಡನಹಳ್ಳಿಯ ಹತ್ತಿರದ ಒಂದು ಹಳ್ಳಿಗೆ. ನನಗಿಂತ ಆರು ವರ್ಷ ದೊಡ್ಡವಳು; ನನ್ನ ಮೂಗು ಒರೆಸಿದ್ದನ್ನು ಇವತ್ತಿಗೂ ಮುಖ್ಯ ಸಾಕ್ಷಿಯಾಗಿ ಹಾಜರುಪಡಿಸುವವಳು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಬಂದಳು. ಗಿರಿಜಾ ಆಗಷ್ಟೆ ಡ್ಯೂಟಿಯಿಂದ ಬಂದು, ಊದಿಕೊಂಡ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದಳು. ನಾನು ಎರಡೂ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುತ್ತಿದ್ದೆ. ಬೀದಿಯಿಂದ ಎಲ್ಲವೂ ಒಂದೇ ಗೆರೆಯಲ್ಲಿ ಕಂಡಿರಬೇಕು: ಮೆಷಿನ್ನು, ಬಕೆಟ್ಟು, ಕಾಲು, ತಮ್ಮ, ಮುದ್ದೆ.

'ಲೇ, ಏನ್ಲೇ ಇದು?'

'ಮುದ್ದೆ ಅಕ್ಕ. ಬಾ, ಕುಂತ್ಕ.'

'ಬೀದಿ ಬಾಗ್ಲು ತಕ್ಕಂಡು ಮುದ್ದೆ ಕಟ್ತೀಯಲ್ಲೋ! ನಾಲ್ಕು ಜನ ಓಡಾಡ್ತಾರೆ ಅನ್ನೋದು ಬ್ಯಾಡ್ವಾ? ನಮ್ಮಪ್ಪ ಒಂದು ದಿನ ಒಲೆ ಕಡೆ ತಿರುಗಿ ನೋಡಿದ್ನೇನೋ?'

'ಅಕ್ಕ, ಕುರಿ ಮಂದೆ ಹಿಂದೆ ಹೋದಾಗ ಅಪ್ಪಾನೇ...'

'ಸುಳ್ಳು ಬೊಗಳ್ಬ್ಯಾಡ. ಗಂಡಸು ತೊಳ್ಸಿದ ಮುದ್ದೆ ನನ್ನ ಗಂಟ್ಲಾಗೆ ಇಳಿಯಲ್ಲ.'

ನೀರೂ ಕುಡಿಯದೆ ಹೋದಳು. ಅಂದಿನಿಂದ ವರ್ಷಕ್ಕೊಂದೇ ಸಲ, ಹಿರಿಯರ ಹಬ್ಬಕ್ಕೆ ಬರುತ್ತಾಳೆ. ಅಪ್ಪ ಅವ್ವನ ಫೋಟೋದ ಮುಂದೆ ಅವರಿಗೆ ಬೇಕಾದ್ದನ್ನೆಲ್ಲ ಮಾಡಿ ಎಡೆ ಇಡುವ ಹಬ್ಬ. ಎಡೆ ಇಡುವುದು ಮಗನ ಮನೆಯಲ್ಲೇ, ಹಾಗಾಗಿ ಬರದೆ ಅವಳಿಗೆ ಬೇರೆ ದಾರಿಯಿಲ್ಲ. ಆ ದಿನ ಗಿರಿಜಾ ರಜೆ ಹಾಕಿ ತಾನೇ ಅಡುಗೆ ಮಾಡಿದರೂ ಅಕ್ಕನಿಗೆ ನಂಬಿಕೆಯಿಲ್ಲ. ಬರುವಾಗಲೇ ಮನೆಯಿಂದ ಎರಡು ರೊಟ್ಟಿ, ಚಟ್ನಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬರುತ್ತಾಳೆ. ಎಡೆಗೆ ಕೈಮುಗಿದು, ಪ್ರಸಾದ ಬಿಡಬಾರದೆಂದು ಬಾಳೆಹಣ್ಣೊಂದನ್ನು ತಿಂದು, ಬಸ್‌ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ತನ್ನ ಗಂಟು ಬಿಚ್ಚುತ್ತಾಳೆ. ಗಿರಿಜಾಳ ಜೊತೆಯ ಕಂಡಕ್ಟರುಗಳೆಲ್ಲ ಇದನ್ನು ನೋಡಿದ್ದಾರೆ. ಒಬ್ಬ ಕೇಳಿಯೂ ಕೇಳಿದನಂತೆ: 'ಗಿರಿಜಕ್ಕ, ನಿಮ್ಮನೇಗೆ ಬಂದ ನೆಂಟ್ರು ಬಸ್‌ ಸ್ಟ್ಯಾಂಡ್‌ನಾಗೆ ಉಣ್ತಾರಲ್ಲ, ಮನೇಲಿ ಸೀಟು ಫುಲ್ಲಾ?'

ಆ ಮಾತು ನನಗೆ ನಾಟಿತು. ಬರೀ ಮಾನದ ಪ್ರಶ್ನೆಯಾಗಿದ್ದರೆ ನುಂಗಿಕೊಳ್ಳುತ್ತಿದ್ದೆ, ಅದರ ಅಭ್ಯಾಸವಿದೆ. ಆದರೆ ಅಪ್ಪ ಅವ್ವನ ಮಕ್ಕಳು ಅಂತ ಉಳಿದಿರುವುದು ಇಬ್ಬರೇ, ನಾನು ಮತ್ತು ಅವಳು. ತವರಿಗೆ ಬಂದವಳು ಹಸಿದುಕೊಂಡು ಹೋಗುತ್ತಾಳೆ ಅನ್ನುವುದನ್ನು ಯಾವ ಪುಸ್ತಕದಲ್ಲಿ ಯಾವ ಅಳತೆ ಬರೆದು ಸರಿಮಾಡಲಿ?

ಈ ಸಲ ಗಿರಿಜಾಳಿಗೆ ಹಬ್ಬದ ದಿನ ರಜೆ ಸಿಗಲಿಲ್ಲ. ಮಧ್ಯಾಹ್ನದ ಟ್ರಿಪ್ಪಿನ ನಡುವೆ ಒಂದು ಗಂಟೆ ಮನೆಗೆ ಬರಬಹುದು, ಅಷ್ಟೆ. 'ಏನ್ ಮಾಡಾಣ? ಯಾರಾದ್ರೂ ಹೆಂಗಸ್ರನ್ನ ಕರೆಸಾಣ ಅಡಿಗೀಗೆ?' ಅಂದಳು.

ನಾನು ಕವೆಗೋಲನ್ನು ನೋಡಿದೆ. 'ಯಾರೂ ಬ್ಯಾಡ. ನಾನೇ ಮಾಡ್ತೀನಿ. ಬಾಗ್ಲು ತಕ್ಕಂಡೇ ಮಾಡ್ತೀನಿ. ಅಪ್ಪ ಏನ್ ಮಾಡ್ತಿದ್ನೋ ಅದನ್ನೇ ಮಾಡಿ ಅಪ್ಪಗೇ ಎಡೆ ಇಡ್ತೀನಿ.'

'ಬಾಡಿಲ್ದೆ ಎಡೆನಾ? ಕುರಿ ಕಾಯೋರ ಮನೇಲಿ?' ಅಂತ ಕಾವ್ಯ ಕಣ್ಣರಳಿಸಿದಳು.

ಅವಳಿಗೇನು ಗೊತ್ತು. ಇನ್ನೂರು ಕುರಿಗಳ ನಡುವೆ ಕೂತು ಹುರುಳಿ ಸಾರು ಉಂಡವನು ನಮ್ಮಪ್ಪ.

ಬೇಸಿಗೆ ರಜೆ ಬಂತೆಂದರೆ ಅಪ್ಪ ನನ್ನನ್ನು ಮಂದೆಯ ಹಿಂದೆ ಕರೆದುಕೊಂಡು ಹೋಗುತ್ತಿದ್ದ. ಅಕ್ಕನನ್ನು ಕರೆಯುತ್ತಿರಲಿಲ್ಲ, ಹೆಣ್ಣುಮಕ್ಕಳು ಮಂದೆಯ ಜೊತೆ ಹೋಗುವ ವಾಡಿಕೆ ನಮ್ಮಲ್ಲಿರಲಿಲ್ಲ. ನಾಲ್ಕು ಮನೆಯ ಕುರಿ, ನಾಲ್ಕು ಗಂಡಸರು, ಕಾಳ ಅನ್ನುವ ಒಂದು ನಾಯಿ, ಮತ್ತು ಕಾಲಿನ ಮುಳ್ಳು ತೆಗೆಸಿಕೊಳ್ಳುವುದೇ ಕೆಲಸವಾಗಿದ್ದ ನಾನು. ಐಮಂಗಲದ ಸುತ್ತಿನ ಹೊಲಗಳವರು ಗೊಬ್ಬರಕ್ಕೆಂದು ಮಂದೆಯನ್ನು ತಮ್ಮ ಹೊಲದಲ್ಲಿ ತಂಗಿಸಿಕೊಂಡು ಬದಲಿಗೆ ಕಾಳು ಕೊಡುತ್ತಿದ್ದರು. ಹುರುಳಿಯವರು ಹುರುಳಿ, ಶೇಂಗಾದವರು ಶೇಂಗಾ. ಆ ದಿನ ಯಾರ ಹೊಲವೋ ಅದೇ ಆ ದಿನದ ಸಾರು. ಇವತ್ತು ನಾನು ಫೋನು ನೋಡಿ ಮಾಡುವ ಬದಲಾವಣೆಯನ್ನು ಅಪ್ಪ ಹೊಲ ನೋಡಿ ಮಾಡುತ್ತಿದ್ದ.

ಹೊತ್ತು ಇಳಿಯುವ ಮುಂಚೆ ಮೂರು ಕಲ್ಲು ಹೂಡಿ ಒಲೆ. ಇದ್ದದ್ದು ಎರಡು ಅಲ್ಯೂಮಿನಿಯಂ ಪಾತ್ರೆ. ಒಣಮೆಣಸಿನಕಾಯಿಯನ್ನೂ ಬೆಳ್ಳುಳ್ಳಿಯನ್ನೂ ಕೆಂಡದಲ್ಲಿ ಹೂತು ಸುಟ್ಟು, ಬೂದಿ ಊದಿ, ಉಪ್ಪಿನ ಜೊತೆ ಕಲ್ಲಿನ ಮೇಲೆ ಜಜ್ಜಿ ಹುರುಳಿ ಬೆಂದ ನೀರಿಗೆ ಹಾಕುತ್ತಿದ್ದ. ಪಾತ್ರೆ ಕೆಳಗಿಳಿಸಿದ ಮೇಲೆ ಹತ್ತಿರದ ಒಂದು ಕುರಿಯನ್ನು ಎಳೆದು, ನೇರವಾಗಿ ಸಾರಿನೊಳಕ್ಕೇ ನಾಲ್ಕು ಸೆಳಕು ಹಾಲು ಕರೆಯುತ್ತಿದ್ದ. ಆಮೇಲೆ ಕವೆಗೋಲು ಪಾದದಡಿ ಇಟ್ಟು ಮುದ್ದೆ. ಮೊದಲ ಮುದ್ದೆ ಕಾಳನದು. ಚಪ್ಪಟೆ ಕಲ್ಲಿನ ಮೇಲೆ ಆರಲು ಇಟ್ಟು, 'ಕಾಯಾನು ಅವ್ನು, ನಾವಲ್ಲ' ಅನ್ನುತ್ತಿದ್ದ. ಆಮೇಲೆ ನನಗೆ, ಉಳಿದವರಿಗೆ, ಕೊನೆಗೆ ತನಗೆ. ಯಾರೂ ಅವನನ್ನು ನೋಡಿ ನಗಲಿಲ್ಲ. ಆದರೆ ಊರಿಗೆ ಮರಳಿದ ದಿನದಿಂದ ಅಪ್ಪ ಜಗುಲಿಯ ಮೇಲೆ ಕೂತು, ಉಪ್ಪಿನ ಡಬ್ಬಿ ಯಾವ ಗೂಡಿನಲ್ಲಿದೆ ಎಂದೂ ಗೊತ್ತಿಲ್ಲದವನ ಹಾಗೆ, 'ಏನೇ, ಆತೇನೇ?' ಅಂತ ಒಳಗೆ ಕೂಗುತ್ತಿದ್ದ. ಅಕ್ಕನಿಗೆ ಗೊತ್ತಿದ್ದದ್ದು ಈ ಅಪ್ಪ. ಹಾಗೆಂದು ನಾನು ನಂಬಿದ್ದೆ.

ಹಬ್ಬಕ್ಕೆ ಇಪ್ಪತ್ತು ದಿನ ಇರುವಾಗಲೇ ಸಾರಿನ ಪರೀಕ್ಷೆ ಶುರುವಾಯಿತು. ಹಿರಿಯೂರು ಪೇಟೆಯಲ್ಲಿ ಕುರಿ ಹಾಲು ಎಲ್ಲಿಂದ ತರುವುದು? ಮೊದಲ ಸಲ ಪ್ಯಾಕೆಟ್ ಹಾಲು ಹಾಕಿದೆ. ಕೈ ಅಭ್ಯಾಸಬಲದಿಂದ ಮೊದಲೇ ಹುಣಸೆಹುಳಿ ಬಿಟ್ಟಿತ್ತು. ಹಾಲು ಒಡೆದು ಸಾರಿನ ತುಂಬ ಹತ್ತಿ ಹಿಂಜಿ ಬಿಟ್ಟ ಹಾಗಾಯಿತು. ಒಂದು ಸೀಟಿ. ಎರಡನೆಯ ಸಲ ಹೊಸದುರ್ಗದ ತೆಂಗಿನಕಾಯಿಯ ಹಾಲು. 'ರುಚಿ ಐತೆ, ಆದ್ರೆ ಮದುವೆ ಊಟ ಆತು. ನಿಮ್ಮಪ್ಪ ಅಡವೀಲಿ ಮದುವೆ ಊಟ ಮಾಡ್ತಿದ್ರಾ?' ಅಂದಳು ಗಿರಿಜಾ. ಸೀಟಿ ಊದಲಿಲ್ಲ, ಅದು ಊದಿದ್ದಕ್ಕಿಂತ ಅವಮಾನ. ಮೂರನೆಯ ಸಲ ಹಸಿ ಶೇಂಗಾ ನೆನೆಸಿ ರುಬ್ಬಿ ಹಿಂಡಿದ ಹಾಲು. ನಾಲಿಗೆಯ ಮೇಲೆ ಏನೋ ಕದಲಿತು. ಹತ್ತಿರ ಬಂದಿದ್ದೆ, ಬೀದಿ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ.

ಸಿಗದೆ ಉಳಿದದ್ದು ಕೆಂಡ. ಗ್ಯಾಸಿನ ಉರಿಯಲ್ಲಿ ಮೆಣಸಿನಕಾಯಿ ಸುಟ್ಟೆ. ಕರಕಲಾಯಿತು, ಇಡೀ ಬೀದಿ ಕೆಮ್ಮಿತು. ಅಳತೆ ಕೊಡಲು ಬಂದಿದ್ದ ವಕೀಲರ ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು, 'ಟೇಲರ್, ಅಳತೆ ಹಳೇ ರವಿಕೇದೇ ತಗಳ್ರಿ' ಅಂತ ಓಡಿದರು. ಸೋತು ಮೆಷಿನ್ನಿನ ಮುಂದೆ ಕೂತಾಗ ಎದುರಿಗೇ ಕಂಡಿತು. ಕೋಟಿನ ಬಟ್ಟೆಗೆ ಈಗಲೂ ನಾನು ಇದ್ದಿಲ ಇಸ್ತ್ರಿ ಪೆಟ್ಟಿಗೆಯನ್ನೇ ಬಳಸುತ್ತೇನೆ. ಭಾರ ಚೆನ್ನಾಗಿ ಕೂರುತ್ತದೆ. ಅದರ ಮುಚ್ಚಳ ತೆರೆದೆ. ಒಳಗೆ ಕೆಂಡ, ಮೇಲೆ ತೆಳ್ಳಗೆ ಬೂದಿ. ಆರು ಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ ಹಾಕಿ ಮುಚ್ಚಿದೆ. ಪಕ್ಕದ ತೂತುಗಳಿಂದ ಸಣ್ಣಗೆ ಹೊಗೆ ಬಂತು. ಆ ಹೊಗೆಯ ಜೊತೆ, ಆಣೆಯಾಗಿ ಹೇಳುತ್ತೇನೆ, ಐಮಂಗಲದ ಹೊಲ ಬಂತು.

ಆ ಸಂಜೆ ಗಿರಿಜಾ ಎರಡು ಸೀಟಿ ಊದಿದಳು. ಮರುದಿನ ಒಬ್ಬರು ಕೋಟು ಒಯ್ಯಲು ಬಂದವರು ಅದನ್ನು ಮೂಸಿ, 'ಏನ್ರಿ ಇದು, ಕೋಟಿಗೂ ಒಗ್ಗರಣೆ ಕೊಟ್ಟೀರಾ?' ಅಂದರು. ಪೆಟ್ಟಿಗೆಯನ್ನು ಮೂರು ಸಲ ತೊಳೆದೆ. ಹಬ್ಬದ ದಿನ ಮತ್ತೆ ಮೆಣಸಿನಕಾಯಿ ಹಾಕಿದೆ. ಬೇಕಾದ್ದು ಅನ್ನಲಿ.

ಹಬ್ಬದ ದಿನ ಬೆಳಿಗ್ಗೆ ಬೀದಿ ಬಾಗಿಲು, ನಡುಬಾಗಿಲು ಎರಡನ್ನೂ ಪೂರ್ತಿ ತೆಗೆದಿಟ್ಟೆ. ಗಾಳಿಗೆ ಮುಚ್ಚಿಕೊಳ್ಳದಿರಲೆಂದು ನಡುಬಾಗಿಲಿಗೆ ಇಸ್ತ್ರಿ ಪೆಟ್ಟಿಗೆಯನ್ನೇ ಆನಿಸಿದೆ, ಒಳಗೆ ಮೆಣಸಿನಕಾಯಿ ಸುಡುತ್ತಿದ್ದ ಹಾಗೆಯೇ. ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲನ್ನು ಪಾದದಿಂದ ಒತ್ತಿ, ಬೆವರು ಕಿವಿಯ ಹಿಂದೆ ಇಳಿಯುವಂತೆ ತೊಳಸಿದೆ. ಗಂಟಾಗಲಿಲ್ಲ. ಹುರುಳಿ ಬೆಂದಿತ್ತು. ಸಿಲಿಂಡರ್ ಉರಿಯುತ್ತಿತ್ತು. ಆರು ಮುದ್ದೆ ಕಟ್ಟಿದೆ: ಅಪ್ಪ ಅವ್ವನ ಎಡೆಗೆ ಎರಡು, ನಮಗೆ ನಾಲ್ವರಿಗೆ ನಾಲ್ಕು. ಅಪ್ಪ ಮಾಡುತ್ತಿದ್ದ ಹಾಗೆ, ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ ಮಾಡಿದ್ದೇನೆ ಅಂತ ಎದೆಯುಬ್ಬಿಸಿ ನಿಂತಾಗ, ಬೀದಿಯಲ್ಲಿ ಅಕ್ಕ ಬರುವುದು ಕಂಡಿತು. ಆಧಾರ್ ತೋರಿಸಿ ಬಸ್ಸಿನಲ್ಲಿ ಪುಕ್ಕಟೆ ಬಂದ ಠೀವಿ, ಕಂಕುಳಲ್ಲಿ ಗಂಟು.

ಕೈಯಲ್ಲಿ ತೊಳಸುಗೋಲು ಹಿಡಿದಿದ್ದ ನನ್ನನ್ನು ನೋಡಿದಳು. ತೆರೆದ ಬಾಗಿಲನ್ನು ನೋಡಿದಳು. ನನ್ನ ಪಾದದ ಹತ್ತಿರವಿದ್ದ ಕವೆಗೋಲನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಒಳಗೆ ಬಂದು ಎಡೆಗೆ ಕೈಮುಗಿದಳು.

ಅಷ್ಟರಲ್ಲಿ ಗಿರಿಜಾ ಖಾಕಿಯಲ್ಲೇ ಬಂದಳು. ಪೂಜೆಯಾಯಿತು. ಗಿರಿಜಾ, ಕಾವ್ಯ ಸಾಲಿಗೆ ಕೂತರು. 'ಅಕ್ಕ, ಬರ್ರಿ, ಕುಂತ್ಕಳ್ರಿ' ಅಂತ ಗಿರಿಜಾ ಪಕ್ಕದ ಮಣೆ ತೋರಿಸಿದಳು. ಅಕ್ಕ ಕೂತಳು, ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ. ನಾನು ಅವಳ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟೆ. ಬಾಳೆಹಣ್ಣನ್ನು ಬೇಕೆಂದೇ ಬಡಿಸಲಿಲ್ಲ.

'ಅಕ್ಕ, ಇದು ನನ್ನ ಅಡಿಗೆ ಅಲ್ಲ, ಅಪ್ಪಂದು. ಉಂಡ್ರೆ ಉಣ್ಣು, ಬಿಟ್ರೆ ಬಿಡು. ನಾನಂತೂ ಮಾಡಾದು ಬಿಡಲ್ಲ, ಬಾಗ್ಲೂ ಮುಚ್ಚಲ್ಲ' ಅಂದೆ. ಧ್ವನಿ ಗಟ್ಟಿಯಾಗಿಯೇ ಇತ್ತು.

ಅಕ್ಕ ಸಾರನ್ನು ಮೂಸಿದಳು. ಮುದ್ದೆಯನ್ನು ನೋಡಿದಳು. ಪಾತ್ರೆಯತ್ತ, ಅಡುಗೆ ಕಟ್ಟೆಯತ್ತ, ಹಿತ್ತಲ ಬಾಗಿಲತ್ತ ಕತ್ತು ಚಾಚಿ ಏನನ್ನೋ ಹುಡುಕಿದಳು.

'ಲೇ ತಮ್ಮ, ನಾಯಿ ಮುದ್ದೆ ಎಲ್ಲಿ ಆರಾಕಿಟ್ಟೀಯ?'

'ಯಾವ ನಾಯಿ?'

'ಯಾವ್ದಾದ್ರೂ ಆಗ್ಲಿ. ಮೊದ್ಲ ಮುದ್ದೆ ನಾಯೀದು. ಕಲ್ಲಿನ ಮ್ಯಾಲೆ ಆರಾಕಿಟ್ಟು, ಆಮ್ಯಾಲೆ ತಾನೆ ಅಪ್ಪ ಮಿಕ್ಕೋರಿಗೆ...'

ಅಲ್ಲಿಗೇ ನಿಲ್ಲಿಸಿದಳು. ತಡವಾಗಿತ್ತು. ಕಾವ್ಯ ಅವಳನ್ನೇ ನೋಡುತ್ತಿದ್ದಳು.

'ಅತ್ತೆ, ನೀವು ಮಂದೆಗೆ ಹೋಗಿರ್ಲೇ ಇಲ್ವಲ್ಲ! ನಿಮಗೆಂಗೆ ಗೊತ್ತು?'

ಅಕ್ಕ ತೊಡೆಯ ಮೇಲಿನ ಗಂಟನ್ನು ತಿರುವಿದಳು. ಆಮೇಲೆ ಯಾರನ್ನೂ ನೋಡದೆ ಹೇಳಿದಳು. 'ಒಂದ್ಸಲ ಹೋಗಿದ್ದೆ. ಹಿಟ್ಟು ಮುಗುದೈತೆ ಅಂತ ಹೇಳಿ ಕಳ್ಸಿದ್ರು. ಅವ್ವನ ಜೊತೆ ಹಿಟ್ಟಿನ ಚೀಲ ಹೊತ್ಕಂಡು ನಡ್ದೆ. ಹತ್ತು ವರ್ಸ ಇರ್ಬೇಕು ನಂಗೆ. ಈ ಕೋಲು ಕಾಲಾಗೆ ಇಟ್ಕಂಡು ತೊಳಸ್ತಿದ್ದ. ನಾಯಿಗೆ ಇಕ್ಕಿ ತಿರುಗ್ತಾನೆ, ನಾನು ನಿಂತೀನಿ. ನನ್ನ ಕಂಡಿದ್ದೇ ಕೋಲು ಅತ್ತಾಗೆ ಒಗ್ದ ನಮ್ಮಪ್ಪ, ಕಳ್ಳತನ ಮಾಡಿ ಸಿಕ್ಕಿಬಿದ್ದೋನಂಗೆ. ದಾರ್ಯಾಗೆ ಅವ್ವ ಆಣೆ ಹಾಕಿಸ್ಕಂಡ್ಳು, ಊರಾಗೆ ಯಾರ್ಗೂ ಅನ್ಬ್ಯಾಡ ಅಂತ. ನಾನು ಅನ್ಲಿಲ್ಲ. ನಿಮ್ ಮಾವಗೂ ಅಂದಿಲ್ಲ.' ಆಮೇಲೆ ನನ್ನತ್ತ ತಿರುಗಿದಳು. 'ಇಷ್ಟು ವರ್ಸ ನಾನು ಮುಚ್ಚಿಟ್ಟಿದ್ದನ್ನ ನೀನು ಬೀದಿಗೆ ಕಾಣಂಗೆ ಬಾಗ್ಲು ತಕ್ಕಂಡು ಕುಂತಿದ್ದೆ.'

ಇಂಥ ಹೊತ್ತಿನಲ್ಲಿ ನಾನು ಮೊಂಡು ಹಿಡಿಯುತ್ತೇನೆ.

'ಅಪ್ಪ ಒಗೆದ ಕೋಲು ನಾನು ಒಗೆಯಲ್ಲಕ್ಕ. ಬಾಗ್ಲು ಮುಚ್ಚಲ್ಲ.'

'ಈಗ ಮುಚ್ಚು ಅಂತ ಯಾರಂದ್ರು ನಿಂಗೆ? ನಾಯಿ ಮುದ್ದೆ ಎಲ್ಲಿ ಅಂದೆ ನಾನು.'

ನಾಯಿ ಬಾಗಿಲಲ್ಲೇ ಇತ್ತು. ವರ್ಷದಿಂದ ನಮ್ಮ ಹೊಸ್ತಿಲ ಮೇಲೆ ಮಲಗುವ ಬೀದಿ ನಾಯಿ. ಕೋಟಿನ ಗುಂಡಿಯಂಥ ಕಣ್ಣು ಇದೆಯೆಂದು ಕಾವ್ಯ ಅದನ್ನು ಗುಂಡಿ ಅನ್ನುತ್ತಾಳೆ. ಅಂಗಡಿಯ ಬಟ್ಟೆ ಕಾಯುವುದು ಅದು, ನಾನಲ್ಲ. ಇದು ಕೂಡ ನನಗೆ ಆಗ ಹೊಳೆಯಿತು.

ನಾನು ನನ್ನ ಪಾಲಿನ ಮುದ್ದೆಗೆ ಕೈಹಾಕಿದೆ. 'ಅದು ನಿಂದು, ಉಣ್ಣು' ಅಂತ ಅಕ್ಕ ತಡೆದಳು. ತೊಡೆಯ ಮೇಲಿನ ಗಂಟು ಬಿಚ್ಚಿದಳು. ಅವಳ ಎರಡೂ ರೊಟ್ಟಿಯನ್ನು ತೆಗೆದು, ಮಡಿಸಿ, ಹೊಸ್ತಿಲ ಕಡೆಗೆ ನೀಡಿದಳು. 'ಬಾರಲೇ. ಇವತ್ತಿಗೆ ಇದು ತಿನ್ನು. ನಾಳೆಯಿಂದ ಇವ್ನು ಮರೆಯಾಕಿಲ್ಲ.'

ಖಾಲಿ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು, ಬೀದಿಗೆ ಕಾಣುವ ಹಾಗೆ ನೇರಕ್ಕೆ ತಿರುಗಿ ಕೂತು, ಮುದ್ದೆ ಮುರಿದಳು. ಸಾರಿನಲ್ಲಿ ಹೊರಳಿಸಿ ನುಂಗಿದಳು. ಗಿರಿಜಾಳ ಕೈ ಕೊರಳಿನ ಸೀಟಿಯ ತನಕ ಹೋಗಿತ್ತು. ಊದಲಿಲ್ಲ, ಹಿಡಿದುಕೊಂಡೇ ಕೂತಳು. ಅಕ್ಕ ಎರಡನೇ ತುತ್ತು ಮುರಿದಳು.

ಅವಳು ಹೋದ ಮೇಲೆ ಅಳತೆ ಪುಸ್ತಕದ ಕೊನೆಯ ಹಾಳೆ ತೆಗೆದೆ. ಹನ್ನೊಂದನ್ನೂ ಒಂದೊಂದಾಗಿ ಹೊಡೆದುಹಾಕಿದೆ. ಕೆಳಗೆ ಹನ್ನೆರಡನೆಯದನ್ನು ಬರೆದೆ: ನಾಯಿಗೆ ಮುದ್ದೆ ಕಟ್ಟಲಿಲ್ಲ.